ಸಾಲ್ಮನ್ ಮೀನಿಗೆ ಬಿಳಿ ಸಾಸು: ಮನೆಯ ಕೆನೆ, ಮೊಝರೆಲ್ಲಾ, ಚೀಸ್ ಕ್ಯೂಬ್ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಚೀಸ್ ಕ್ಯೂಬಿಗೆ. ಮಕ್ಕಳ ಡಬ್ಬಿಗೆ ಅಂತ ಕಿರಾಣಿ ಅಂಗಡಿಯಲ್ಲೂ ಸಿಗುತ್ತದಲ್ಲ, ಬೆಳ್ಳಿ ಕಾಗದ ಸುತ್ತಿದ ಸಾದಾ ಪ್ರೊಸೆಸ್ಡ್ ಚೀಸು, ಅದಕ್ಕೇ. ಸಾಲ್ಮನ್‌ಗೆ ಕ್ರೀಮು, ಸೊಪ್ಪು, ಚೀಸು ಹಾಕಿ ಸಾಸು ಮಾಡುವುದಕ್ಕೆ ನಮ್ಮ ಮನೆಯಲ್ಲಿ ಈಗ ಅದೊಂದೇ. ಆದರೆ ಅಲ್ಲಿಗೆ ಬರುವ ಮೊದಲು 1,200 ರೂಪಾಯಿಯ ಮೀನಿನ ಊಟ ಒಮ್ಮೆ ಕೆಟ್ಟಿತು. ಆ ಸಂಕಟ ಇನ್ನೊಬ್ಬರಿಗೆ ಬೇಡ ಅಂತ ಬರೆಯುತ್ತಿದ್ದೇನೆ.

ನಾವಿರುವುದು ರಾಯಚೂರಿನ ಶಕ್ತಿನಗರದಲ್ಲಿ. ಕೃಷ್ಣಾ ಪಕ್ಕದಲ್ಲೇ ಹರಿಯುತ್ತದೆ, ಹಾಗಾಗಿ ಮೀನು ನಮಗೆ ಹೊಸದಲ್ಲ. ಕಾಟ್ಲಾ, ರೋಹು, ಕೊರ್ರಮೀನು, ಇವೆಲ್ಲ ಹುಣಸೆಹುಳಿ, ಖಾರಪುಡಿ ಹಾಕಿ ಮಾಡಿಕೊಂಡು ಬಂದಿದ್ದೇ. ಸಾಲ್ಮನ್ ಬಂದಿದ್ದು ಮಗಳಿಂದ. ಅವಳು ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಎಲ್ಲೋ ತಿಂದು ರುಚಿ ಹತ್ತಿತು, ಊರಿಗೆ ಬರುವಾಗ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ಎರಡು ತುಂಡು ಇಟ್ಟುಕೊಂಡು ರೈಲು ಹತ್ತಿದಳು. ನಾರ್ವೆಯಲ್ಲಿ ಸಾಕಿದ ಮೀನು, ಗಟ್ಟಿ ಫ್ರೀಝ್ ಮಾಡಿದ್ದು, ಎರಡೂ ಸೇರಿ ಸುಮಾರು 400 ಗ್ರಾಂ.

ಒಂದು ಮಾತು, ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ. 'ಇಂಡಿಯನ್ ಸಾಲ್ಮನ್' ಅಂತ ಮಾರುವುದು ರಾವಸ್ ಮೀನು. ಒಳ್ಳೆಯ ಮೀನೇ, ಆದರೆ ಸಾಲ್ಮನ್ ಜಾತಿಯದಲ್ಲ, ಮಾಂಸವೂ ಬಿಳಿ. ಕಿತ್ತಳೆ ಬಣ್ಣ ಬೇಕು ಅಂತ ಅದನ್ನು ತಂದರೆ ಬೇಜಾರಾಗುತ್ತದೆ.

ಮೊದಲ ಸಲ ನಾನು ಮನೆಯ ಕೆನೆ ಹಾಕಿದೆ. ನಮ್ಮಲ್ಲಿ ಎಮ್ಮೆ ಹಾಲು. ಕಾಯಿಸಿ ಆರಿಸಿದರೆ ಮೇಲೆ ರೊಟ್ಟಿಯಷ್ಟು ದಪ್ಪ ಕೆನೆ ಕಟ್ಟುತ್ತದೆ. ನಾಲ್ಕು ದಿನದ ಕೆನೆ ಫ್ರಿಜ್‌ನಲ್ಲಿ ಬಟ್ಟಲು ತುಂಬಾ ಇತ್ತು. ಇಷ್ಟು ಒಳ್ಳೆಯ ಕೆನೆ ಇಟ್ಟುಕೊಂಡು ಪ್ಯಾಕೆಟ್ ಕ್ರೀಮು ಯಾಕೆ ತರಬೇಕು ಅನಿಸಿತು. ಯಾರಿಗೆ ಆದರೂ ಹಾಗೇ ಅನಿಸುತ್ತದೆ, ಅಲ್ವಾ?

ಮೀನು ಚೆನ್ನಾಗಿಯೇ ಬೆಂದಿತ್ತು. ಅದನ್ನು ತಟ್ಟೆಗೆ ತೆಗೆದಿಟ್ಟು, ಅದೇ ಬಾಣಲೆಗೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಮೇಲೆ ಕೆನೆ ಸುರಿದೆ. ಮೊದಲ ಎರಡು ನಿಮಿಷ ನೋಡುವುದಕ್ಕೆ ಚೆನ್ನಾಗಿತ್ತು. ಆಮೇಲೆ ಅಂಚಿನಲ್ಲಿ ಹಳದಿ ಎಣ್ಣೆಯ ಗೆರೆ ಕಾಣಿಸಿತು. ಉರಿ ಸಣ್ಣ ಮಾಡಿದೆ. ಗೆರೆ ದಪ್ಪ ಆಯಿತು. ಓದಿಕೊಂಡಿದ್ದ ವಿಧಾನದಲ್ಲಿ ಅರ್ಧ ನಿಂಬೆಹಣ್ಣು ಹಿಂಡಿ ಅಂತ ಇತ್ತು, ಹಿಂಡಿದೆ. ಸೌಟು ಎರಡು ಸುತ್ತು ತಿರುಗಿಸುವಷ್ಟರಲ್ಲಿ ಬಾಣಲೆಯಲ್ಲಿ ಮೂರು ಬೇರೆ ಬೇರೆ ವಸ್ತು ನಿಂತಿದ್ದವು. ಮೇಲೆ ತುಪ್ಪ, ಕೆಳಗೆ ತಿಳಿ ನೀರು, ನಡುವೆ ರವೆಯಂಥ ಬಿಳಿ ಕಾಳು. ಘಮ ಮಾತ್ರ ಬೆಣ್ಣೆ ಕಾಯಿಸಿದ ಮನೆಯ ಹಾಗೆ. ಮಗಳು ಪಕ್ಕದಲ್ಲೇ ನಿಂತಿದ್ದಳು, ಏನೂ ಅನ್ನಲಿಲ್ಲ. ಐಸ್ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಅಷ್ಟು ದೂರ ಬಂದವಳು. ನನಗೆ ನಿಜವಾಗಿಯೂ ಹೊಟ್ಟೆಯಲ್ಲಿ ಸಂಕಟವಾಯಿತು.

ಸರಿಮಾಡಲು ನೋಡಿದೆ. ತಣ್ಣನೆ ಹಾಲು ಹಾಕಿ ಕಡೆದೆ. ಮಿಕ್ಸಿಗೆ ಹಾಕಿದೆ. ಮಿಕ್ಸಿಯಲ್ಲಿ ಒಂದು ಕ್ಷಣ ಒಂದಾದಂತೆ ಕಂಡಿತು, ಬಿಸಿ ಮೀನಿನ ಮೇಲೆ ಹಾಕಿದ ಕೂಡಲೇ ಮತ್ತೆ ಒಡೆಯಿತು. ಒಡೆದ ಹಾಲನ್ನು ಮತ್ತೆ ಹಾಲು ಮಾಡಲಾಗುವುದಿಲ್ಲ, ಇದೂ ಹಾಗೇ.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ತಿಳಿದುಕೊಂಡೆ. ನಾವು ಕೆನೆ ಅನ್ನುವುದೂ ಈ ವಿಧಾನಗಳಲ್ಲಿ ಕ್ರೀಮು ಅನ್ನುವುದೂ ಬೇರೆ ಬೇರೆ. ಕ್ರೀಮನ್ನು ಯಂತ್ರದಲ್ಲಿ ಹಸಿ ಹಾಲಿನಿಂದ ತೆಗೆಯುತ್ತಾರೆ, ಅದರಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ನೀರಿನ ಜೊತೆ ಬೆರೆತೇ ಇರುತ್ತದೆ. ನಮ್ಮ ಕೆನೆ ಹಾಲು ಕುದಿಸಿದ ಮೇಲೆ ಕಟ್ಟಿದ್ದು. ಅದರ ಪ್ರೋಟೀನು ಆಗಲೇ ಗಟ್ಟಿಯಾಗಿರುತ್ತದೆ, ಕೊಬ್ಬು ಹನಿಹನಿಯಾಗಿ ಉಳಿದಿರುವುದಿಲ್ಲ. ಬಿಸಿ ತಾಗಿದರೆ ತುಪ್ಪ ಬಿಡುವುದೇ ಅದರ ಗುಣ. ತುಪ್ಪ ಕಾಯಿಸುವಾಗ ನಾವು ಬಯಸುವುದೂ ಅದನ್ನೇ ತಾನೇ. ಅದರ ಮೇಲೆ ನಾಲ್ಕು ದಿನದ್ದು. ಫ್ರಿಜ್‌ನಲ್ಲಿದ್ದರೂ ಒಳಗೊಳಗೇ ಹುಳಿ ಏರಿರುತ್ತದೆ, ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದರಂತೂ ಕೇಳಲೇಬೇಡಿ. ಆ ಹುಳಿಗೆ ನಿಂಬೆ ಹುಳಿಯೂ ಸೇರಿತು. ಬಿಸಿ ಹಾಲಿಗೆ ನಿಂಬೆ ಹಿಂಡಿದರೆ ಪನೀರ್ ಆಗುತ್ತದೆ ಅಂತ ಗೊತ್ತಿದ್ದೂ ಅದನ್ನೇ ಮಾಡಿದ್ದೆ.

ಇನ್ನೊಂದು ವಿಷಯವೂ ಗೊತ್ತಾಯಿತು. ಇಂಥ ಸಾಸಿನ ವಿಧಾನಗಳು ಹೆಚ್ಚಾಗಿ ಹೊರದೇಶದವು. ಅಲ್ಲಿಯವರು ಹೇಳುವ ಹೆವಿ ಕ್ರೀಮಿನಲ್ಲಿ ಕೊಬ್ಬು 35ರಿಂದ 36 ಶೇಕಡಾಕ್ಕೆ ಕಡಿಮೆ ಇರುವುದಿಲ್ಲ. ನಮ್ಮ ಅಂಗಡಿಯಲ್ಲಿ ಸಿಗುವ ಫ್ರೆಶ್ ಕ್ರೀಮಿನ ಪ್ಯಾಕೆಟ್ ತಿರುಗಿಸಿ ನೋಡಿ, ಸಾಮಾನ್ಯವಾಗಿ 25 ಶೇಕಡಾ ಅಂತ ಇರುತ್ತದೆ. ಕೊಬ್ಬು ಜಾಸ್ತಿ ಇದ್ದಷ್ಟೂ ಕುದಿಗೂ ಹುಳಿಗೂ ತಡೆಯುತ್ತದೆ, ಕಡಿಮೆಯಾದಷ್ಟೂ ಬೇಗ ಒಡೆಯುತ್ತದೆ. ಅಂದ್ರೆ ಅವರು 'ಕ್ರೀಮು ಸುರಿದು ಕುದಿಸಿ' ಅಂದಿದ್ದನ್ನು ನಾವು ನಮ್ಮ ಪ್ಯಾಕೆಟ್ಟಿನಲ್ಲಿ ಹಾಗೇ ಮಾಡಿದರೆ ಒಡೆಯುವ ಸಾಧ್ಯತೆ ಜಾಸ್ತಿ. ಈ ಒಂದು ವಿಷಯ ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಮೀನು ಉಳಿಯುತ್ತಿತ್ತು.

ಎರಡನೇ ಸಲ ದಸರಾ ರಜೆಗೆ. ಈ ಸಲ ಪ್ಯಾಕೆಟ್ ಕ್ರೀಮು, ಜೊತೆಗೆ ಮೊಝರೆಲ್ಲಾ. ನಿಂಬೆ ಹಾಕಲಿಲ್ಲ, ಕುದಿಸಲೂ ಇಲ್ಲ, ಒಡೆಯಲಿಲ್ಲ. ಆದರೆ ಮೊಝರೆಲ್ಲಾ ಕರಗಿ ಸಾಸಿಗೆ ಸೇರುವ ಜಾತಿಯದಲ್ಲ. ಎಳೆ ಎಳೆಯಾಗಿ ಸೌಟಿಗೆ ಸುತ್ತಿಕೊಂಡು ಬಂತು, ಮೀನು ಮುರಿದು ಬಾಯಿಗಿಟ್ಟರೆ ತಟ್ಟೆಯಿಂದ ದಾರ ಎಳೆದ ಹಾಗೆ. ಸ್ವಲ್ಪ ಆರಿದ ಮೇಲೆ ಅದು ರಬ್ಬರು. ಪಿಜ್ಜಾ ಮೇಲೆ ಅದೇ ಗುಣ ಬೇಕು, ಇಲ್ಲಿ ಬೇಡ. ಅಂದು ಮೀನೂ ಅಷ್ಟಕ್ಕಷ್ಟೇ ಇತ್ತು. ಮಾರಿದ ಅಂಗಡಿಯಲ್ಲಿ ಒಮ್ಮೆ ಕರಗಿ ಮತ್ತೆ ಫ್ರೀಝ್ ಆಗಿರಬೇಕು, ಪ್ಯಾಕೆಟ್ಟಿನೊಳಗೆ ಗುಲಾಬಿ ಬಣ್ಣದ ಐಸಿನ ಗಡ್ಡೆ ಇತ್ತು. ಹಾಗೆ ಕಂಡರೆ ತರಬೇಡ ಅಂತ ಮಗಳಿಗೆ ಹೇಳಿದ್ದೇನೆ.

ಮೂರನೇ ಸಲ ಕ್ಯೂಬು. ನಿಜ ಹೇಳಬೇಕೆಂದರೆ ಮನೆಯಲ್ಲಿ ಅದೇ ಇತ್ತು ಅಂತ ಹಾಕಿದ್ದು. ಆದರೆ ಆ ಸಾಸು ಹೊಂದಿಕೊಂಡ ರೀತಿ ನೋಡಿದ ಮೇಲೆ ನಾನು ಬೇರೆಯದಕ್ಕೆ ಹೋಗಿಲ್ಲ. ಸೌಟಿನ ಹಿಂಭಾಗಕ್ಕೆ ತೆಳ್ಳಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಂತಿತ್ತು. ಒಂದು ಹನಿ ಎಣ್ಣೆ ಬಿಡಲಿಲ್ಲ. ಕಾರಣ ಪೊಟ್ಟಣದ ಮೇಲೆಯೇ ಸಣ್ಣ ಅಕ್ಷರದಲ್ಲಿ ಇರುತ್ತದೆ: ಎಮಲ್ಸಿಫೈಯರ್, ಸೋಡಿಯಂ ಸಿಟ್ರೇಟ್. ಪ್ರೊಸೆಸ್ಡ್ ಚೀಸು ಮಾಡುವಾಗಲೇ ಈ ಉಪ್ಪು ಸೇರಿಸಿರುತ್ತಾರೆ. ಚೀಸಿನ ಪ್ರೋಟೀನನ್ನು ಹಿಡಿದಿಡುವ ಕ್ಯಾಲ್ಸಿಯಂ ಅನ್ನು ಅದು ಸಡಿಲ ಮಾಡುತ್ತದೆ, ಆಗ ಪ್ರೋಟೀನು ಕೊಬ್ಬನ್ನೂ ನೀರನ್ನೂ ಎರಡನ್ನೂ ಬಿಡದೆ ಕೂಡಿಸುತ್ತದೆ. ಸಾಸಿಗೆ ಹಾಕಿದಾಗ ಅದೇ ಕೆಲಸ ಬಾಣಲೆಯಲ್ಲೂ ನಡೆಯುತ್ತದೆ, ನಮ್ಮ 25 ಶೇಕಡಾ ಕ್ರೀಮನ್ನೂ ಕಾಪಾಡುತ್ತದೆ.

ಈಗ ನಾನು ಮಾಡುವುದು ಹೀಗೆ. ಮೀನನ್ನು ಹಿಂದಿನ ರಾತ್ರಿಯೇ ಫ್ರೀಝರಿನಿಂದ ಕೆಳಗಿನ ಅರೆಗೆ ಇಳಿಸುತ್ತೇನೆ, ಹೊರಗೆ ಇಟ್ಟು ಕರಗಿಸುವುದಿಲ್ಲ. ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ಪೂರಾ ತೆಗೆಯುತ್ತೇನೆ, ಇಲ್ಲದಿದ್ದರೆ ಚರ್ಮ ಬಾಣಲೆಗೆ ಅಂಟುತ್ತದೆ. ಉಪ್ಪು, ಮೆಣಸಿನಪುಡಿ ಅಷ್ಟೇ, ಅದೂ ಕಾಳುಮೆಣಸಿನದು. ಚರ್ಮ ಕೆಳಗೆ ಮಾಡಿ 4 ನಿಮಿಷ, ತಿರುಗಿಸಿ ಒಂದೂವರೆ ನಿಮಿಷ. ಬದಿಯಿಂದ ನೋಡುತ್ತಿದ್ದರೆ ಕೆಳಗಿನಿಂದ ಬಣ್ಣ ತಿಳಿಯಾಗುತ್ತಾ ಮೇಲೆ ಏರುವುದು ಕಾಣುತ್ತದೆ. ಮೇಲೆ ಬಿಳಿ ಬಿಳಿ ಗಸಿ ಒಸರಲು ಶುರುವಾಯಿತೋ, ಉರಿ ಜಾಸ್ತಿಯಾಯಿತು ಅಥವಾ ಹೊತ್ತು ಮೀರಿತು ಅಂತ ಅರ್ಥ. ಅದು ಮೀನಿನದೇ ಪ್ರೋಟೀನು, ಕೆಟ್ಟದ್ದಲ್ಲ, ಆದರೆ ಒಳಗೆ ಒಣಗುತ್ತಿದೆ.

ಮೀನು ತೆಗೆದು, ಒಂದು ಚಮಚ ಬೆಣ್ಣೆ, 4 ಎಸಳು ಬೆಳ್ಳುಳ್ಳಿ, ಮಟ್ಟಸ ಒಂದು ಚಮಚ ಮೈದಾ. ಮೈದಾದ ಹಸಿ ವಾಸನೆ ಹೋದ ಮೇಲೆ ಒಂದು ಲೋಟ ಹಾಲು, ಸ್ವಲ್ಪ ಸ್ವಲ್ಪವಾಗಿ. ದಪ್ಪಗಾದ ಮೇಲೆ ಅರ್ಧ ಲೋಟ ಕ್ರೀಮು, ಎರಡು ಕ್ಯೂಬು ತುರಿದು. ಕುದಿ ಬರುವ ಮೊದಲೇ ಉರಿ ಆರಿಸಿಬಿಡಬೇಕು. ಸಾಸಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ, ಕ್ಯೂಬಿನಲ್ಲೇ ಸಾಕಷ್ಟು ಇರುತ್ತದೆ. ನಿಂಬೆ ಬಾಣಲೆಗೆ ಬೇಡ, ತಟ್ಟೆಯಲ್ಲಿ ಮೀನಿನ ಮೇಲೆ. ಕಬ್ಬಿಣದ ಬಾಣಲೆ ಬೇಡ, ಸಾಸು ಮಬ್ಬು ಬಣ್ಣಕ್ಕೆ ತಿರುಗುತ್ತದೆ.

ಇನ್ನು ಸೊಪ್ಪು. ಇದರಲ್ಲಿ ನಮಗೆ ಯಾರೂ ಸಮ ಇಲ್ಲ. ಸಾಲ್ಮನ್ ಜೊತೆ ಹೊರದೇಶದವರು ಹಾಕುವ ಡಿಲ್ ಅಂದರೆ ನಮ್ಮ ಸಬ್ಬಸಗಿಯೇ. ಮಗಳು ಮೊದಲ ಸಲ ಒಣ ಸೊಪ್ಪಿನ ಗಾಜಿನ ಬಾಟಲಿ 150 ರೂಪಾಯಿ ಕೊಟ್ಟು ತಂದಿದ್ದಳು, ಹುಲ್ಲಿನ ಹಾಗಿತ್ತು. ನಾನು ತೀನ್ ಕಂದೀಲ್ ಕಡೆ ಹೋದಾಗ 10 ರೂಪಾಯಿಗೆ ಒಂದು ಕಟ್ಟು ಸಬ್ಬಸಗಿ ತಂದೆ. ಬೇಳೆಗೆ ಹಾಕಿ ಪಲ್ಯ ಮಾಡುವುದು, ಇಲ್ಲದಿದ್ದರೆ ಅಕ್ಕಿಹಿಟ್ಟಿಗೆ ಕಲಸುವುದು, ಇಷ್ಟೇ ಗೊತ್ತಿದ್ದ ಸೊಪ್ಪು. ನಾರ್ವೆ, ಸ್ವೀಡನ್ ಕಡೆ ಸಾಲ್ಮನ್ ಅಂದರೆ ಇದೇ ಸೊಪ್ಪು ಅಂತ ಮಗಳು ಹೇಳಿದಾಗ ತುಂಬಾ ಖುಷಿಯಾಯಿತು. ನಮ್ಮದು ಅಲ್ಲಿಯದಕ್ಕಿಂತ ಸ್ವಲ್ಪ ಖಡಕ್ಕು, ಅದಕ್ಕೆ ದಂಟು ಬಿಟ್ಟು ಎಳೆ ಎಲೆ ಮಾತ್ರ, ಒಂದು ಸಣ್ಣ ಹಿಡಿ, ಉರಿ ಆರಿಸಿದ ಮೇಲೆ. ಬಿಸಿ ಸಾಸಿಗೆ ಬಿದ್ದ ಕೂಡಲೇ ಅಡುಗೆಮನೆಯೆಲ್ಲ ಘಮ್ ಅನ್ನುತ್ತದೆ. ಕೊತ್ತಂಬರಿ ಹಾಕಬೇಡಿ, ಅದು ಎಲ್ಲವನ್ನೂ ನುಂಗುತ್ತದೆ.

ಕ್ಯೂಬಿನಲ್ಲಿ ಕೊರತೆ ಇಲ್ಲವೇ? ಇದೆ. ರುಚಿ ಸಪ್ಪೆ ಸಪ್ಪೆ, ಹಳೆಯ ಗಟ್ಟಿ ಚೀಸಿನ ಆಳ ಇಲ್ಲ. ಮಗಳು ಒಮ್ಮೆ ಪಾರ್ಮೆಸಾನ್ ಸ್ವಲ್ಪ ತಂದಿದ್ದಳು, ಬಡಿಸುವಾಗ ಮೇಲೆ ತುರಿದರೆ ಬಹಳ ರುಚಿ. ಆದರೆ ಪ್ರತಿ ಸಲ ಮೀನಿನ ಜೊತೆ ಅದನ್ನೂ ಕೊಳ್ಳುವ ಶಕ್ತಿ ನಮಗಿಲ್ಲ. ಬೆಳ್ಳುಳ್ಳಿಯನ್ನೂ ಮೆಣಸನ್ನೂ ಕೈಬಿಚ್ಚಿ ಹಾಕಿದರೆ ಆ ಕೊರತೆ ಅರ್ಧ ತುಂಬುತ್ತದೆ.

ಲೆಕ್ಕ ಹೇಳುತ್ತೇನೆ. ಮೀನಿಗೆ 1,200, ಅದನ್ನು ಬದಲಿಸಲಾಗುವುದಿಲ್ಲ. ಮೊಝರೆಲ್ಲಾ ಸಾಸಿಗೆ ನನಗೆ ಸುಮಾರು 180 ಆಗಿತ್ತು, ಕ್ಯೂಬಿನ ಸಾಸಿಗೆ 90ರ ಒಳಗೆ. ಕೆನೆಗೆ ದುಡ್ಡೇ ಇಲ್ಲ, ಆದರೆ ದುಡ್ಡಿಲ್ಲದ ಆ ಕೆನೆಯೇ ನನಗೆ ಎಲ್ಲಕ್ಕಿಂತ ದುಬಾರಿ ಬಿತ್ತು. ಕೆನೆ ತುಪ್ಪಕ್ಕಿರಲಿ. ವರ್ಷಕ್ಕೆ ನಾಲ್ಕು ಸಲ ಬರುವ ಮಗಳಿಗೆ, ಅಷ್ಟು ದುಡ್ಡಿನ ಮೀನಿಗೆ, ಒಡೆಯದ ಸಾಸೇ ನನಗೆ ಬೇಕು. ನೀವು ದಿನಾ ಇಂಥ ಅಡುಗೆ ಮಾಡುವವರಾದರೆ, ಕೈ ಪಳಗಿದ್ದರೆ, ನಿಮ್ಮ ಲೆಕ್ಕ ಬೇರೆ ಇರಬಹುದು.

ಮಗಳು ಇಲ್ಲದ ದಿನಗಳಿಗೆ ಕೊರ್ರಮೀನಿಗೂ ಇದೇ ಸಾಸು ಹಾಕಿ ನೋಡಿದೆ. ಗಟ್ಟಿ ಮಾಂಸ, ಮುಳ್ಳು ಕಡಿಮೆ, ಜೀವಂತ ಸಿಗುತ್ತದೆ. ಚರ್ಮ ತೆಗೆಸಿ ದಪ್ಪ ತುಂಡು ಮಾಡಿಸಿದರೆ ಚೆನ್ನಾಗಿ ಹೊಂದುತ್ತದೆ. ಸಾಲ್ಮನ್‌ನ ಆ ಎಣ್ಣೆಯಂಶದ ಮೃದು ಇದಕ್ಕಿಲ್ಲ, ಹಾಗಾಗಿ ಕ್ರೀಮು ಒಂದು ಚಮಚ ಜಾಸ್ತಿ. ಕಾಟ್ಲಾ, ರೋಹು ಬೇಡವೇ ಬೇಡ, ಬಿಳಿ ಸಾಸಿನಲ್ಲಿ ಸಣ್ಣ ಮುಳ್ಳು ಕಣ್ಣಿಗೆ ಬೀಳುವುದಿಲ್ಲ. ಮನೆಯವರು ಇದನ್ನು ಬಿಸಿ ಅನ್ನಕ್ಕೆ ಕಲಸಿಕೊಂಡು ತಿಂದರು. ಉಳಿದ ಸಾಸನ್ನು ಮರುದಿನ ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ, ಆಗಲೂ ಒಡೆಯಲಿಲ್ಲ.