ಹದಿನೇಳನೆಯ ಬಿಳಿ ಕಲ್ಲು: ಸ್ವಾಲ್ಬಾರ್ಡ್‌ನಲ್ಲಿ ಆರು ದಿನಗಳ ಕಯಾಕ್ ಯಾನ

ನಾರ್ವೆಯ ಮುಖ್ಯ ಭೂಭಾಗದಿಂದ ಬಹುದೂರ ಉತ್ತರಕ್ಕೆ, 78 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಸ್ವಾಲ್ಬಾರ್ಡ್ ದ್ವೀಪಸಮೂಹಕ್ಕೆ ಹೋಗಿ, ಅಲ್ಲಿನ ಬಿಲ್ಲೆಫ್ಯೋರ್ಡ್ ಎಂಬ ಕಡಲಕೊಲ್ಲಿಯಲ್ಲಿ ಜುಲೈ ಕೊನೆಯ ವಾರ ಆರು ದಿನಗಳ ಕಯಾಕ್ (ಕುಳಿತು ಹುಟ್ಟು ಹಾಕುವ ಕಿರುದೋಣಿ) ಯಾನ ಮುಗಿಸಿ ಬಂದಿದ್ದೇನೆ. ಯಾನವನ್ನು ಏರ್ಪಡಿಸಿದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಅದರ ಕಚೇರಿಯವರ ಕೆಲಸದ ಬಗ್ಗೆ ನನಗೆ ದೂರುಗಳಿವೆ. ಅವರು ನಮ್ಮೊಂದಿಗೆ ಕಳುಹಿಸಿದ ಮಾರ್ಗದರ್ಶಕಿಯ ಬಗ್ಗೆ ಇರುವುದು ಗೌರವ ಮಾತ್ರ. ವಿಮಾನದ ಖರ್ಚು ಬಿಟ್ಟು ಶುಲ್ಕವೇ ಎರಡು ಲಕ್ಷ ರೂಪಾಯಿಗೂ ಮಿಕ್ಕಿತು. ಅಷ್ಟು ಹಣ ಸಾರ್ಥಕವಾಯಿತೇ ಎಂದು ಕೇಳಿದರೆ ಹೌದು ಎನ್ನುತ್ತೇನೆ, ಆದರೆ ಅದಕ್ಕೆ ಕಾರಣ ಆ ಮಾರ್ಗದರ್ಶಕಿಯ ವಿವೇಕವೇ ಹೊರತು ಸಂಸ್ಥೆಯ ಜಾಹೀರಾತಿನಲ್ಲಿದ್ದ ಯಾವ ಸೌಲಭ್ಯವೂ ಅಲ್ಲ.

ಮೊದಲು ವೀಸಾದ ವಿಷಯ. ಸ್ವಾಲ್ಬಾರ್ಡ್‌ನಲ್ಲಿ ಇಳಿಯಲು ವೀಸಾ ಬೇಕಿಲ್ಲ ಎಂದು ಕಚೇರಿಯವರು ಬರೆದಿದ್ದರು. ಮಾತು ನಿಜವೇ, ಆದರೆ ಅರ್ಧ ಮಾತ್ರ. ನಾವು ನಾರ್ವೆಯ ಮುಖ್ಯ ಭೂಭಾಗವನ್ನು ಹಾದೇ ಹೋಗಬೇಕು, ಸ್ವಾಲ್ಬಾರ್ಡ್ ಮಾತ್ರ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕನಿಷ್ಠ ಎರಡು ಬಾರಿ ಪ್ರವೇಶವಿರುವ ಷೆಂಗೆನ್ ವೀಸಾ ಇಲ್ಲದಿದ್ದರೆ ಮರಳಿ ಬರುವಾಗ ತೊಂದರೆಯಾಗುತ್ತದೆ. ಇದನ್ನು ನಾನೇ ಹುಡುಕಿ ತಿಳಿದುಕೊಳ್ಳಬೇಕಾಯಿತು.

ಲಾಂಗ್‌ಇಯರ್‌ಬೀನ್ ಪಟ್ಟಣದಿಂದ ನಮ್ಮ ಎಂಟು ಜನರ ತಂಡವನ್ನು ಮೋಟಾರು ದೋಣಿಯಲ್ಲಿ ಸ್ಕಾನ್ಸ್‌ಬುಕ್ತ ಎಂಬ ಪುಟ್ಟ ಕೊಲ್ಲಿಗೆ ತಂದು ಇಳಿಸಿದರು. ಅಂದು ಹುಟ್ಟು ಹಾಕುವ ಮೊದಲೇ ಮಾರ್ಗದರ್ಶಕಿ ಎಲ್ಲರಿಗೂ ಡ್ರೈಸೂಟ್ ತೊಡಿಸಿ, ಎದೆಮಟ್ಟದ ನೀರಿನಲ್ಲಿ ದೋಣಿ ಮಗುಚಿ ಹೊರಬರುವ ಅಭ್ಯಾಸ ಮಾಡಿಸಿದರು. ಡ್ರೈಸೂಟ್ ಎಂದರೆ ಕುತ್ತಿಗೆ ಮತ್ತು ಮಣಿಕಟ್ಟಿಗೆ ರಬ್ಬರ್ ಪಟ್ಟಿ ಬಿಗಿದು ನೀರು ಒಳನುಗ್ಗದಂತೆ ತಡೆಯುವ ಇಡೀ ಮೈಯ ಉಡುಗೆ. ನನಗೆ ಕೊಟ್ಟಿದ್ದರ ಕುತ್ತಿಗೆಯ ಪಟ್ಟಿ ಬೆರಳಗಲ ಹರಿದಿತ್ತು. ನೀರಿಗೆ ಬಿದ್ದ ಕ್ಷಣದಲ್ಲೇ ಮಂಜಿನಂಥ ತಣ್ಣೀರು ಎದೆಯ ಮೇಲೆ ಇಳಿಯಿತು; ಉಸಿರು ನನ್ನ ಹಿಡಿತಕ್ಕೇ ಸಿಗದೆ ಏದುಸಿರಾಯಿತು. ಬೇಸಿಗೆಯಲ್ಲೂ ಅಲ್ಲಿನ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಅಂಥ ನೀರಿನಲ್ಲಿ ಮೊದಲ ಒಂದೆರಡು ನಿಮಿಷ ಉಸಿರಾಟ ಹೀಗೆ ಕೈತಪ್ಪುವುದೇ ದೊಡ್ಡ ಅಪಾಯ. ಹರಿದ ಉಡುಗೆಯನ್ನು ಪರೀಕ್ಷಿಸದೆ ಬಾಡಿಗೆಗೆ ಕೊಟ್ಟ ಕಚೇರಿಯ ತಪ್ಪನ್ನು ನಾನು ಸಣ್ಣದೆಂದು ಎಣಿಸಲಾರೆ. ದಡದಿಂದ ಹತ್ತು ಹೆಜ್ಜೆ ದೂರದಲ್ಲೇ ಅದು ಬಯಲಾಗುವಂತೆ ಮಾಡಿ, ಅಂದು ಸಂಜೆಯೇ ಗೋಂದು ಹಚ್ಚಿ ತೇಪೆ ಹಾಕಿ ಸರಿಪಡಿಸಿದವರು ಮಾರ್ಗದರ್ಶಕಿ.

ಸ್ಕಾನ್ಸ್‌ಬುಕ್ತದ ಬೆಟ್ಟದಲ್ಲಿ ಜಿಪ್ಸಮ್ ಪದರಗಳಿವೆ. ಹಿಂದೆ ಗಣಿ ತೋಡಲು ಯತ್ನಿಸಿದವರು ಬಿಟ್ಟುಹೋದ ಮುರಿದ ದೋಣಿ, ತುಕ್ಕು ಹಿಡಿದ ಹಳಿಗಳು ಇಂದಿಗೂ ದಡದಲ್ಲಿವೆ. 1946ಕ್ಕಿಂತ ಹಿಂದಿನ ಮಾನವ ಕುರುಹುಗಳೆಲ್ಲ ಅಲ್ಲಿ ಸಂರಕ್ಷಿತ. ಒಂದು ಮೊಳೆಯನ್ನೂ ಎತ್ತುವಂತಿಲ್ಲ. ರಾತ್ರಿ, ಅಂದರೆ ಸೂರ್ಯ ಮುಳುಗದ ಆ ರಾತ್ರಿ, ಹಿಮಕರಡಿಯ ಭಯದಿಂದ ಸರದಿಯ ಕಾವಲು ಇತ್ತು. ನನ್ನ ಪಾಳಿ ಎರಡರಿಂದ ನಾಲ್ಕು ಗಂಟೆ. ಇಳಿಜಾರಿನ ತುಂಬ ಜಿಪ್ಸಮ್‌ನ ಬಿಳಿ ಬಂಡೆಗಳು. ದುರ್ಬೀನು ಹಿಡಿದು ನೋಡಿದಷ್ಟೂ ಒಂದೊಂದೂ ಕರಡಿಯಂತೆಯೇ ಕಾಣುತ್ತಿತ್ತು. ಮಲಗುವ ಮುನ್ನ ಮಾರ್ಗದರ್ಶಕಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಕಲ್ಲುಗಳನ್ನು ಎಡದಿಂದ ಬಲಕ್ಕೆ ಎಣಿಸಿ ತೋರಿಸಿದ್ದರು. “ಬಿಳಿ ಕಲ್ಲು ಹದಿನಾರು. ಹದಿನೇಳನೆಯದು ಕಂಡರೆ ಮತ್ತೊಮ್ಮೆ ಎಣಿಸುತ್ತ ಕೂರಬೇಡಿ, ನನ್ನನ್ನು ಎಬ್ಬಿಸಿ.” ಬಂದೂಕಾಗಲಿ ಬೆದರಿಸುವ ಸಿಡಿಮದ್ದಾಗಲಿ ಕೊಡದ ಧೈರ್ಯವನ್ನು ನನಗೆ ಆ ಲೆಕ್ಕ ಕೊಟ್ಟಿತು.

ಆರು ದಿನಗಳಲ್ಲಿ ಕರಡಿ ಕಾಣಲಿಲ್ಲ, ಅದು ನನಗೆ ಕೊರತೆ ಎನಿಸಲೂ ಇಲ್ಲ. 2025ರ ಜನವರಿ 1ರಿಂದ ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರವಿರಬೇಕೆಂಬ ನಿಯಮ ಜಾರಿಯಲ್ಲಿದೆ. ಕಯಾಕ್‌ನಿಂದ ಕರಡಿಯನ್ನು ಹತ್ತಿರ ನೋಡಬಹುದೆಂದು ಯಾವುದೇ ಸಂಸ್ಥೆ ಆಸೆ ಹುಟ್ಟಿಸಿದರೆ ಅಲ್ಲಿಗೆ ಹಣ ಕಟ್ಟಬೇಡಿ.

ಮೂರನೆಯ ದಿನ ಪಿರಮಿಡೆನ್ ತಲುಪಿದೆವು. 1998ರಲ್ಲಿ ಕಲ್ಲಿದ್ದಲು ಗಣಿ ಮುಚ್ಚಿ ಬರಿದಾದ ಸೋವಿಯತ್ ಕಾಲದ ಊರು ಅದು. ಅದರೆದುರಿಗೆ, ಫ್ಯೋರ್ಡಿನ ಆಚೆ ದಡದಲ್ಲಿ, ನೂರ್ಡೆನ್‌ಶೋಲ್ಡ್ ಹಿಮನದಿ ಕಡಲಿಗೆ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಆಕಾಶ ನಿಚ್ಚಳವಾಗಿತ್ತು, ಬಿಸಿಲಿತ್ತು, ನಾವೆಲ್ಲ ಸಿದ್ಧರಾಗಿ ನಿಂತಿದ್ದೆವು. ಮಾರ್ಗದರ್ಶಕಿ ದಾಟುವುದು ಬೇಡವೆಂದರು. ಹಿಮನದಿಯ ಮೇಲಿಂದ ಜಾರಿ ಬರುವ ತಣ್ಣನೆಯ ಗಾಳಿ ನಡುನೀರನ್ನು ಕಪ್ಪಾಗಿಸಿದ್ದನ್ನು ಅವರು ಬೆರಳಿಟ್ಟು ತೋರಿಸಿದರು. ನಮ್ಮ ಕಣ್ಣಿಗೆ ಅದು ಮೋಡದ ನೆರಳಿನಂತಿತ್ತು. ತಂಡದ ಇಬ್ಬರು ಬಹಳ ಅಸಮಾಧಾನಪಟ್ಟರು, ಇಷ್ಟು ಹಣ ಕೊಟ್ಟು ದಡದಲ್ಲಿ ಕೂರಲು ಬಂದೆವೇ ಎಂದು ಗಟ್ಟಿಯಾಗಿಯೇ ಕೇಳಿದರು. ಮಾರ್ಗದರ್ಶಕಿ ದನಿ ಏರಿಸಲಿಲ್ಲ, ನಿರ್ಧಾರವನ್ನೂ ಬದಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಚೆ ದಡದವರೆಗೂ ಬಿಳಿ ನೊರೆಯ ಅಲೆ ಎದ್ದಿತ್ತು.

ಆ ಬಿಡುವಿನಲ್ಲಿ ಕಯಾಕ್‌ಗಳನ್ನು ಉಬ್ಬರದ ಗೆರೆಗಿಂತ ಬಹಳ ಮೇಲೆ ಎಳೆದು ಕಲ್ಲುಗಳಿಗೆ ಕಟ್ಟಿಸುತ್ತ ಅವರು ನಾರ್ವೆಯ ಧ್ರುವಯಾತ್ರಿ ನಾನ್ಸೆನ್‌ರ ಪ್ರಸಂಗ ಹೇಳಿದರು. 1896ರಲ್ಲಿ ಫ್ರಾನ್ಸ್ ಜೋಸೆಫ್ ದ್ವೀಪಗಳ ಬಳಿ, ಊಟ ಉಡುಗೆಗಳನ್ನೆಲ್ಲ ಹೊತ್ತ ಅವರ ಜೋಡಿ ಕಯಾಕ್ ಕಟ್ಟು ಕಳಚಿ ತೇಲಿಹೋಯಿತು. ನಾನ್ಸೆನ್ ಹಿಮದ ನೀರಿಗೆ ಧುಮುಕಿ ಈಜಿ ಅದನ್ನು ಹಿಡಿದು ತಂದರು. ಅಂದಿನಿಂದ ದೋಣಿ ಕಟ್ಟಿದ ನನ್ನ ಹಗ್ಗದ ಗಂಟನ್ನು ನಾನು ಎರಡೆರಡು ಸಲ ನೋಡಿಕೊಂಡೆ.

ಐದನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದರು. ನೀರು ಎಣ್ಣೆಯಂತೆ ನಿಂತಿತ್ತು. ಸುಮಾರು ಒಂದೂವರೆ ಗಂಟೆಯಲ್ಲಿ ಆಚೆ ದಡ ಸೇರಿದೆವು. ತೇಲುವ ನೀರ್ಗಲ್ಲಿನ ಚೂರುಗಳ ನಡುವೆ ಹುಟ್ಟು ನಿಲ್ಲಿಸಿ ಕುಳಿತರೆ, ಬಾಣಲೆಯಲ್ಲಿ ಅರಳು ಸಿಡಿಯುವಂಥ ಸದ್ದು ಸುತ್ತಲೂ ಕೇಳುತ್ತದೆ. ಎಂದೋ ಬಿದ್ದ ಹಿಮದೊಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಕರಗುತ್ತ ಒಡೆಯುವ ಸದ್ದು ಅದು. ಹಿಮನದಿಯ ಮುಖದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ನಮ್ಮನ್ನು ತಡೆದರು. ಆ ದೂರದಲ್ಲಿ ಒಂದು ತುಂಡು ಕಳಚಿ ಬಿದ್ದಾಗ ಕಣ್ಣಿಗೆ ಮೊದಲು ಕಂಡಿತು, ಗುಡುಗಿನಂಥ ಸದ್ದು ಆಮೇಲೆ ಬಂತು, ಅಲೆ ಬರುವಷ್ಟರಲ್ಲಿ ನಾವು ದೋಣಿಯ ಮೂತಿಯನ್ನು ಅದರತ್ತ ತಿರುಗಿಸಿಕೊಂಡಿದ್ದೆವು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರ ಎಂದು ಒಪ್ಪಿಕೊಂಡಿದ್ದವರು ಬಿಸಿನೀರು ಸುರಿದು ತಿನ್ನುವ ಒಂದೇ ಬಗೆಯ ಪಾಸ್ತಾ ಪೊಟ್ಟಣವನ್ನು ಹೊತ್ತು ಹೊತ್ತಿಗೂ ಕೊಟ್ಟರು. ಮನೆಯಿಂದ ಒಯ್ದಿದ್ದ ಚಟ್ನಿಪುಡಿ ಮತ್ತು ಒಣ ಅವಲಕ್ಕಿ ನನ್ನನ್ನು ಕಾಪಾಡಿದವು.

ಉಡುಪಿ ಜಿಲ್ಲೆಯ ಹಿನ್ನೀರಿನಲ್ಲಿ ಕಯಾಕ್ ನಡೆಸಿದ ಅನುಭವ ನನಗಿತ್ತು. ಹುಟ್ಟು ಹಿಡಿಯಲು ಅದು ಸಾಕಾಯಿತು. ದಿನಕ್ಕೆ ನಾಲ್ಕೈದು ಗಂಟೆ ಎದುರುಗಾಳಿಯಲ್ಲಿ ಭುಜ ನಡೆಸಲು ಸಾಲಲಿಲ್ಲ, ಆದ್ದರಿಂದ ಹೋಗುವವರು ಮೂರು ತಿಂಗಳಾದರೂ ಮುಂಚಿತವಾಗಿ ಅಭ್ಯಾಸ ಮಾಡಬೇಕು. ಹಣ ಕಟ್ಟುವ ಮೊದಲು ಮಾರ್ಗದರ್ಶಕರು ಯಾರು, ಆ ನೀರಿನಲ್ಲಿ ಎಷ್ಟು ಬೇಸಿಗೆ ಕಳೆದವರು, ಕಳೆದ ವರ್ಷ ಎಷ್ಟು ಸಲ ಮಾರ್ಗ ಬದಲಿಸಿದರು ಎಂದು ಬರೆದು ಕೇಳಿ. ಡ್ರೈಸೂಟನ್ನು ಪಟ್ಟಣದಲ್ಲೇ ತೊಟ್ಟು, ಕುತ್ತಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ದೂರಿಗೆ ಕಚೇರಿಯವರು ಕ್ಷಮೆ ಕೋರಿ ಉಡುಗೆಯ ಬಾಡಿಗೆಯನ್ನು ಹಿಂದಿರುಗಿಸಿದ್ದಾರೆ. ಉಡುಗೆಗಳನ್ನು ಇನ್ನು ಮುಂದೆ ಪರೀಕ್ಷಿಸಿಯೇ ಕೊಡುತ್ತೇವೆಂಬ ಮಾತು ಮಾತ್ರ ಆ ಪತ್ರದಲ್ಲಿ ಇರಲಿಲ್ಲ.