ಬಾಬಾಬುಡನ್‌ಗಿರಿ ಎಂಬ ಹೆಸರನ್ನು ಕೊಳ್ಳಲು ಹೋದಾಗ: ಚಿಕ್ಕಮಗಳೂರಿನ ಒಂದು ಕಾಫಿ ಪುಡಿ ಅಂಗಡಿ

ಹ್ಯಾಂಬರ್ಗಿನಲ್ಲಿ ಓದುತ್ತಿರುವ ಅಕ್ಕನ ಮಗನಿಗೆ ಒಂದು ಕಿಲೋ ಕಾಫಿ ಪುಡಿ ಕಳಿಸಬೇಕಾಗಿತ್ತು. ‘ಬಾಬಾಬುಡನ್‌ಗಿರಿಯದ್ದೇ ಆಗಬೇಕು ಮಾವ, ಇಲ್ಲಿನ ಸ್ನೇಹಿತರಿಗೆ ಹೆಸರು ಹೇಳಿಬಿಟ್ಟಿದ್ದೇನೆ’ ಎಂದು ಅವನು ಕೇಳಿದ್ದರಿಂದ, ಹಾಸನದಲ್ಲಿ ನಾವು ತಿಂಗಳು ತಿಂಗಳು ಕೊಳ್ಳುವ ಅಂಗಡಿಯನ್ನು ಬಿಟ್ಟು ಬೇಲೂರಿನ ಮೇಲಿಂದ ಚಿಕ್ಕಮಗಳೂರಿಗೆ ಹೋದೆ. ಅಲ್ಲಿ ಪುಡಿ ಕೊಂಡ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಏಕೆಂದರೆ ಮುಂದೆ ಹೇಳಲಿರುವ ಆಕ್ಷೇಪ ಆ ಒಂದು ಅಂಗಡಿಗೆ ಮಾತ್ರ ಸಲ್ಲುವಂಥದ್ದಲ್ಲ.

ಮೊದಲು ಪುಡಿಯ ವಿಚಾರ. ಅಂಗಡಿ ಚಿಕ್ಕದು, ಹಿಂಬದಿಯಲ್ಲಿ ಹುರಿಯುವ ಯಂತ್ರ, ಮುಂದೆ ಪುಡಿ ಮಾಡುವ ಯಂತ್ರ, ಗೋಡೆಗೆ ಒರಗಿಸಿಟ್ಟ ಬೀಜದ ಮೂಟೆಗಳು. ಅರೇಬಿಕಾ ಎ ಗ್ರೇಡ್ ಮತ್ತು ಪೀಬಿ (ಪೀಬೆರಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ) ಬೀಜವನ್ನು ಅರ್ಧರ್ಧ ಬೆರೆಸಿ, ಚಿಕೋರಿ ಸೇರಿಸದೆ ಪುಡಿ ಮಾಡಿಕೊಡಲು ಹೇಳಿದೆ. ಹುರಿದದ್ದು ಹಿಂದಿನ ದಿನ ಎಂದು ಮಾಲೀಕರು ಕೇಳುವ ಮುಂಚೆಯೇ ಹೇಳಿದರು. ಮನೆಗೆ ತಂದು ಫಿಲ್ಟರಿಗೆ ಹಾಕಿದರೆ, ಚಿಕೋರಿ ಇಲ್ಲದ ಪುಡಿಯಲ್ಲಿ ಆಗುವಂತೆ, ಡಿಕಾಕ್ಷನ್ ಬೇಗನೆ ಇಳಿಯಿತು ಮತ್ತು ಬಣ್ಣ ತೆಳುವಾಗಿತ್ತು. ಚಿಕೋರಿಯ ಕಪ್ಪಿಗೆ ಹೊಂದಿಕೊಂಡ ನಮ್ಮ ಮನೆಯವರು ಇದನ್ನು ‘ನೀರು’ ಎಂದೇ ತೀರ್ಮಾನಿಸಿದರು. ಆದರೆ ಹಾಲು ಬೆರೆಸುವ ಮುನ್ನ ಹಾಗೆಯೇ ಕುಡಿದು ನೋಡಿದ ನನಗೆ ಹದವಾದ ಹುಳಿ, ನಾಲಗೆಯ ಮೇಲೆ ನಿಲ್ಲುವ ಮೈ ಮತ್ತು ಎರಡನೆಯ ಗುಟುಕಿನ ನಂತರವೂ ಉಳಿಯುವ ಪರಿಮಳ ಮೂರೂ ಸಿಕ್ಕವು. ಪುಡಿಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮತ್ತೆ ಹೋದರೆ ಮತ್ತೆ ಅಲ್ಲೇ ಕೊಳ್ಳುತ್ತೇನೆ.

ತೊಡಕಿದ್ದದ್ದು ಪೊಟ್ಟಣದ ಮೇಲೆ ಅಚ್ಚಾಗಿದ್ದ ‘ಬಾಬಾಬುಡನ್‌ಗಿರಿ ಕಾಫಿ’ ಎಂಬ ದೊಡ್ಡ ಅಕ್ಷರಗಳಲ್ಲಿ. ಇದು ಕೇವಲ ಊರ ಅಭಿಮಾನದ ಮಾತಲ್ಲ, ಕಾನೂನಿನ ದೃಷ್ಟಿಯಲ್ಲಿ ಅರ್ಥವುಳ್ಳ ಹೆಸರು. 1999ರಲ್ಲಿ ಸಂಸತ್ತು ಅಂಗೀಕರಿಸಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ, ಒಂದು ಊರಿನ ಹೆಸರನ್ನು ಆ ಊರಿನ ಸರಕಿಗೆ ಮಾತ್ರ ಕಾಯ್ದಿಡುವ ಭೌಗೋಳಿಕ ಸೂಚಕಗಳ (ಜಿಐ) ಕಾಯ್ದೆಯ ಅಡಿಯಲ್ಲಿ, 2019ರಲ್ಲಿ ಕೊಡಗು ಅರೇಬಿಕಾ, ವಯನಾಡು ರೋಬಸ್ಟಾ, ಅರಕು ಕಣಿವೆ ಅರೇಬಿಕಾಗಳ ಜೊತೆಗೆ ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಎಂಬ ಎರಡು ಬೇರೆ ಬೇರೆ ಹೆಸರುಗಳಿಗೆ ಮಾನ್ಯತೆ ದೊರೆಯಿತು. (ನಮ್ಮ ಪತ್ರಿಕೆಗಳು ಇದನ್ನು ‘ಭೌಗೋಳಿಕ ಸೂಚ್ಯಂಕ’ ಎಂದು ಬರೆಯುವ ರೂಢಿಯನ್ನು ಯಾವಾಗ ಬಿಡುತ್ತವೋ ತಿಳಿಯದು, ಸೂಚ್ಯಂಕ ಷೇರುಪೇಟೆಗೆ ಸೇರಿದ್ದು.) ಎರಡನೆಯ ಹೆಸರು ಜಿಲ್ಲೆಯ ಮಧ್ಯಭಾಗದ ಗಿರಿಪ್ರದೇಶದಲ್ಲಿ ಬೆಳೆದು, ಹಣ್ಣನ್ನು ಆಯ್ದು ಕೈಯಿಂದ ಕಿತ್ತು, ಸಹಜ ಹುದುಗುವಿಕೆಯಿಂದ ಸಂಸ್ಕರಿಸಿದ ಬೀಜಕ್ಕೆ ಮಾತ್ರ ಸಲ್ಲುತ್ತದೆ. ತಂಪು ಹವೆಯಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬರುವ ರುಚಿಯೂ ಚಾಕೊಲೇಟಿನ ಛಾಯೆಯಿರುವ ಪರಿಮಳವೂ ಅದರ ಗುರುತು. ಆ ಹೆಸರನ್ನು ಬಳಸುವ ಹಕ್ಕು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ ಇರುತ್ತದೆ. ಸುಳ್ಳಾಗಿ ಬಳಸಿದವರಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು, ಜಗಳದ ಧ್ವನಿ ಬಾರದಂತೆ, ಈ ಬೀಜ ಗಿರಿಯದ್ದೇ ಎಂದು ಹೇಗೆ ತಿಳಿಯುವುದು ಎಂದು ಮಾಲೀಕರನ್ನು ಕೇಳಿದೆ. ಅವರು ತಕ್ಕಡಿಯಿಂದ ಕೈ ತೆಗೆದು ನಕ್ಕರು. ‘ಬೀಜ ನಮ್ಮ ಜಿಲ್ಲೆಯದ್ದೇ ಸಾರ್, ಅದಕ್ಕೆ ನಾನು ಜವಾಬ್ದಾರಿ. ಗಿರಿಯದ್ದೇ ಅಂತ ಬರೆದುಕೊಡೋಕೆ ಆಗಲ್ಲ. ಕ್ಯೂರಿಂಗ್‌ನಿಂದ ಬರೋವಾಗ ನಾಲ್ಕಾರು ತೋಟದ್ದು ಕೂಡಿಯೇ ಬರುತ್ತೆ. ಕವರು ನಮ್ಮ ತಂದೆಯವರ ಕಾಲದಲ್ಲಿ ಹಾಕಿಸಿದ್ದು.’ ಈ ಪ್ರಾಮಾಣಿಕತೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಆದರೂ ಹೆಸರಿನ ಬೆಲೆ ಕಳಚಿ ಹೋಗುವ ಜಾಗ ಯಾವುದು ಎಂಬುದನ್ನು ಅವರ ಮಾತೇ ತೋರಿಸಿತು. ತೋಟದಿಂದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಅಲ್ಲಿಂದ ಒಣಗಿಸುವ ಕಣ, ಅಲ್ಲಿಂದ ಒಣಬೀಜದ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್, ಅಲ್ಲಿಂದ ಹುರಿಯುವವರು ಎಂಬ ಸರಪಳಿಯಲ್ಲಿ ಒಂದು ಕಡೆ ಲೆಕ್ಕ ತಪ್ಪಿದರೂ ಪೊಟ್ಟಣದ ಮೇಲಿನ ಗಿರಿ ಬರಿಯ ಚಿತ್ರವಾಗಿ ಉಳಿಯುತ್ತದೆ.

ಹೋಲಿಸಿ ನೋಡಲೆಂದು ಅದೇ ದಿನ ಪ್ರವಾಸಿಗಳು ನಿಲ್ಲುವ ಬೇರೊಂದು ಮಳಿಗೆಯಲ್ಲಿ ಅದೇ ಹೆಸರಿನ ಒಂದು ತಗಡಿನ ಡಬ್ಬವನ್ನೂ ಕೊಂಡೆ. ತೂಕಕ್ಕೆ ತೂಕ ಬೆಲೆ ಎರಡರಷ್ಟಕ್ಕಿಂತ ಹೆಚ್ಚು. ಡಬ್ಬದ ಮೇಲೆ ಬೆಟ್ಟ, ಮೋಡ, ಸೂಫಿ ಸಂತ ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ಈ ಗಿರಿಗೆ ತಂದ ಕಥೆ ಎಲ್ಲವೂ ಇದ್ದವು. ತೋಟದ ಹೆಸರಾಗಲಿ, ಅಧಿಕೃತ ಬಳಕೆದಾರರ ಹೆಸರಾಗಲಿ, 2018ರಲ್ಲಿ ಕೇಂದ್ರ ಸರ್ಕಾರ ಹೊರತಂದ ಜಿಐ ಲಾಂಛನವಾಗಲಿ ಇರಲಿಲ್ಲ. ಪುಡಿ ಅತಿಯಾಗಿ ಹುರಿದದ್ದಾಗಿದ್ದು, ಕಹಿಯೊಂದನ್ನು ಬಿಟ್ಟು ಮತ್ತೇನೂ ತಿಳಿಯುವಂತಿರಲಿಲ್ಲ. ಆ ಕಥೆಯಲ್ಲೇ ಒಂದು ವ್ಯಂಗ್ಯವಿದೆ: ಸುಮಾರು 1670ರಲ್ಲಿ ಬಾಬಾಬುಡನ್ ಆ ಬೀಜಗಳನ್ನು ತಂದರೆಂದು ಹೇಳುವ ಯೆಮನ್ ದೇಶದ ಮೋಕಾ ಬಂದರಿನ ಹೆಸರು ಇಂದು ಜಗತ್ತಿನ ಹೋಟೆಲುಗಳಲ್ಲಿ ಚಾಕೊಲೇಟ್ ಬೆರೆಸಿದ ಒಂದು ಪಾನೀಯದ ಹೆಸರಾಗಿದೆ. ಮೋಕಾ ಎಂದು ಕೇಳಿ ಕುಡಿಯುವವರಿಗೆ ಯೆಮನ್ ನೆನಪಾಗುವುದಿಲ್ಲ.

ಹ್ಯಾಂಬರ್ಗಿನ ವಿಚಾರಕ್ಕೆ ಬರುತ್ತೇನೆ. ಚೆನ್ನೈನ ನೋಂದಣಿ ಕಚೇರಿಯಲ್ಲಿ ದಾಖಲಾದ ಹೆಸರಿಗೆ ಭಾರತದ ಗಡಿಯ ಆಚೆಗೆ ತಾನಾಗಿಯೇ ರಕ್ಷಣೆ ಸಿಗುವುದಿಲ್ಲ. 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಘಟನೆಯ, ಬೌದ್ಧಿಕ ಆಸ್ತಿ ಹಕ್ಕುಗಳ ಕುರಿತ ಟ್ರಿಪ್ಸ್ ಒಪ್ಪಂದದ 22ನೆಯ ವಿಧಿಯು ಮೂಲದ ಬಗ್ಗೆ ಗ್ರಾಹಕರ ದಾರಿ ತಪ್ಪಿಸುವ ಬಳಕೆಯನ್ನು ತಡೆಯಲು ಎಲ್ಲ ಸದಸ್ಯ ರಾಷ್ಟ್ರಗಳೂ ಅವಕಾಶ ಕೊಡಬೇಕೆನ್ನುತ್ತದೆ. ತನ್ನ ನಾಡಿನಲ್ಲೇ ರಕ್ಷಣೆಯಿಲ್ಲದ ಹೆಸರನ್ನು ಬೇರೆಯವರು ಕಾಯಬೇಕಾಗಿಲ್ಲ ಎಂದೂ ಅದೇ ಒಪ್ಪಂದ ಹೇಳುವುದರಿಂದ ನಮ್ಮ 1999ರ ಕಾಯ್ದೆ ಅಗತ್ಯವಾಯಿತು. ಆದರೆ 23ನೆಯ ವಿಧಿಯ ಹೆಚ್ಚಿನ ರಕ್ಷಣೆ ಇರುವುದು ದ್ರಾಕ್ಷಾರಸ ಮತ್ತು ಮದ್ಯಗಳಿಗೆ ಮಾತ್ರ. ಅವುಗಳ ವಿಷಯದಲ್ಲಿ ನಿಜವಾದ ಮೂಲವನ್ನು ಪಕ್ಕದಲ್ಲೇ ಬರೆದು ‘ಶೈಲಿ’, ‘ಮಾದರಿ’ ಎಂಬ ಪದ ಸೇರಿಸಿದರೂ ತಪ್ಪೇ. ಕಾಫಿಗೆ ಆ ಕಾವಲಿಲ್ಲ. ಇಲ್ಲಿ ದೂರು ಕೊಟ್ಟವರೇ ಜನರು ಮೋಸಹೋಗುತ್ತಾರೆಂದು ತೋರಿಸಿಕೊಡಬೇಕು. ಹಾಸನದ ಅಂಗಡಿಯೊಂದರಲ್ಲಿ ‘ಚಿಕ್ಕಮಗಳೂರು ಶೈಲಿಯ ಫಿಲ್ಟರ್ ಕಾಫಿ’ ಎಂಬ ಪೊಟ್ಟಣವನ್ನು ನಾನೇ ನೋಡಿದ್ದೇನೆ. ಒಳಗೆ 53 ಭಾಗ ಕಾಫಿ, 47 ಭಾಗ ಚಿಕೋರಿ. ಆಹಾರ ನಿಯಮದ ಪ್ರಕಾರ ಕನಿಷ್ಠ 51 ಭಾಗ ಕಾಫಿ ಇದ್ದು ಪ್ರಮಾಣವನ್ನು ಮುದ್ರಿಸಿದರೆ ಸಾಕಾದ್ದರಿಂದ ಆ ಲೆಕ್ಕದಲ್ಲಿ ತಪ್ಪಿಲ್ಲ. ನನಗೆ ಕಿರಿಕಿರಿಯಾದದ್ದು ‘ಶೈಲಿ’ ಎಂಬ ಆ ಒಂದು ಪದದಿಂದ.

ಮೂಲದ ಹೆಸರುಗಳ ಒಂದೇ ಅಂತರರಾಷ್ಟ್ರೀಯ ನೋಂದಣಿಗೆ 1958ರ ಲಿಸ್ಬನ್ ಒಪ್ಪಂದವೂ, ಅದನ್ನು ಭೌಗೋಳಿಕ ಸೂಚಕಗಳಿಗೆ ವಿಸ್ತರಿಸಿದ 2015ರ ಜಿನೀವಾ ಕಾಯಿದೆಯೂ ಇವೆ; ಭಾರತ ಅವಕ್ಕೆ ಸೇರಿಲ್ಲ. ಹಾಗಾಗಿ ನಮ್ಮವರು ಒಂದೊಂದು ಮಾರುಕಟ್ಟೆಯಲ್ಲೂ ಬೇರೆಯಾಗಿಯೇ ಬಾಗಿಲು ತಟ್ಟಬೇಕು. ಡಾರ್ಜಿಲಿಂಗ್ ಚಹಾ 2011ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಹೀಗೆ ನೋಂದಣಿ ಪಡೆಯಿತು. ಅದಕ್ಕೂ ಮೊದಲು, 2007ರಲ್ಲಿ, ಕೊಲಂಬಿಯಾದ ಕಾಫಿ ಆ ಪಟ್ಟಿಯನ್ನು ಸೇರಿತ್ತು. ಇಥಿಯೋಪಿಯಾ ತನ್ನ ಸಿದಾಮೊ, ಯಿರ್ಗಾಚೆಫೆ, ಹರಾರ್ ಹೆಸರುಗಳಿಗೆ ಭೌಗೋಳಿಕ ಸೂಚಕದ ಬದಲು ಟ್ರೇಡ್‌ಮಾರ್ಕ್ ದಾರಿ ಹಿಡಿದದ್ದಕ್ಕೆ ಒಂದು ಕಾರಣ, ಅಸಂಖ್ಯ ಸಣ್ಣ ಹಿಡುವಳಿಗಳ ಬೀಜವನ್ನು ಊರು ಊರಿನ ಲೆಕ್ಕದಲ್ಲಿ ಬೇರೆಯಾಗಿ ಇಡಿಸುವ ಕಷ್ಟ. ನಮ್ಮ ಅಂಗಡಿಯವರು ತಕ್ಕಡಿಯ ಮುಂದೆ ನಿಂತು ಹೇಳಿದ್ದೂ ಅದನ್ನೇ.

ಕೊನೆಗೆ ಹ್ಯಾಂಬರ್ಗಿಗೆ ಹೊರಟದ್ದು ಡಬ್ಬವಲ್ಲ, ಆ ಚಿಕ್ಕ ಅಂಗಡಿಯ ಪುಡಿ. ಕಾಗದದ ಕವರು ವಿಮಾನದ ಪ್ರಯಾಣಕ್ಕೆ ಸಾಲದೆ ನಾವೇ ಇನ್ನೆರಡು ಪದರ ಸುತ್ತಬೇಕಾಯಿತು. ಅಂಗಡಿಯವರು ಗಾಳಿಯಾಡದ ಚೀಲಗಳನ್ನು ತರಿಸಿಟ್ಟರೆ ಒಳ್ಳೆಯದು. ನನ್ನ ಕೋರಿಕೆಯ ಮೇರೆಗೆ ಮಾಲೀಕರು ಅಚ್ಚಾದ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ, ಬಾಲ್‌ಪೆನ್ನಿನಲ್ಲಿ ‘ಅರೇಬಿಕಾ ಎ, ಪೀಬಿ, ಚಿಕೋರಿ ಇಲ್ಲ, ಚಿಕ್ಕಮಗಳೂರು ಜಿಲ್ಲೆ’ ಎಂದು ಬರೆದು, ಹುರಿದ ದಿನಾಂಕ ಹಾಕಿ ಸಹಿ ಮಾಡಿಕೊಟ್ಟರು.