ಬ್ಲೂಮ್‌ಬರೋ ತಗೊಳ್ಳೋದಾ, ಡಸ್ಕ್‌ಮೋರ್ನ್ ತಗೊಳ್ಳೋದಾ?

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ ಈ ಎರಡು ಸೆಟ್ (ಒಂದೇ ಕಥಾಲೋಕದ ಕಾರ್ಡ್‌ಗಳ ಗುಂಪು) ಬಂದಿದ್ದು 2024ರಲ್ಲೇ: ಬ್ಲೂಮ್‌ಬರೋ ಆಗಸ್ಟ್‌ನಲ್ಲಿ, ಡಸ್ಕ್‌ಮೋರ್ನ್ ಸೆಪ್ಟೆಂಬರ್ ಕೊನೆಯಲ್ಲಿ. ಎರಡರಲ್ಲೂ ಒಂದು ಪ್ಲೇ ಬೂಸ್ಟರ್, ಅಂದ್ರೆ ಆಡೋಕೆ ಕೊಳ್ಳುವ ಮಾಮೂಲಿ ಪ್ಯಾಕೆಟ್, ಅಂದ್ರೆ 14 ಕಾರ್ಡ್. ಆದರೆ ಆಡುವಾಗಿನ ಅನುಭವವೇ ಬೇರೆ.

ಬ್ಲೂಮ್‌ಬರೋದಲ್ಲಿ ಮನುಷ್ಯರೇ ಇಲ್ಲ. ಇಲಿ, ಕಪ್ಪೆ, ಮೊಲ, ಅಳಿಲು, ಬಾವಲಿ ಹೀಗೆ ಹತ್ತು ಬಗೆಯ ಪ್ರಾಣಿಗಳು. ಒಂದೊಂದಕ್ಕೂ ಎರಡು ಬಣ್ಣದ ಕಾರ್ಡ್‌ಗಳ ಜೋಡಿ. ಕಪ್ಪೆ ಅಂದ್ರೆ ಹಸಿರು-ನೀಲಿ, ಅಷ್ಟೇ. ಡೆಕ್ (ಆಡೋಕೆ ಆರಿಸಿಕೊಂಡ ಕಾರ್ಡ್‌ಗಳ ಕಟ್ಟು) ಕಟ್ಟೋಕೆ ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಬೇಕಾ? ಹಾರ್ಟ್‌ಫೈರ್ ಹೀರೋ ಅನ್ನೋ ಪುಟ್ಟ ಇಲಿಯನ್ನೇ ನೋಡಿ. ಆಡೋಕೆ ಒಂದೇ ಕೆಂಪು ಮಾನಾ (ಕಾರ್ಡ್ ಆಡೋಕೆ ಖರ್ಚು ಮಾಡುವ ಮಾಂತ್ರಿಕ ಶಕ್ತಿ) ಸಾಕು. ಪ್ರತಿ ಸರದಿಯಲ್ಲಿ ನೀವು ಮೊದಲ ಸಲ ಅದನ್ನು ಗುರಿ ಮಾಡಿ ಮಂತ್ರ ಹಾಕಿದಾಗ ಬೆಳೆಯುತ್ತದೆ. ಸತ್ತರೆ ತನ್ನ ಬಲದಷ್ಟು ಪೆಟ್ಟು ಎದುರಾಳಿಗೆ! ಆದರೆ 2025ರ ಜೂನ್‌ನಲ್ಲಿ ಸ್ಟ್ಯಾಂಡರ್ಡ್‌ನಿಂದ (ಇತ್ತೀಚಿನ ಸೆಟ್‌ಗಳಷ್ಟೇ ನಡೆಯುವ ಸ್ಪರ್ಧಾ ಮಾದರಿ) ಇದನ್ನು ನಿಷೇಧಿಸಿದರು. ಟೂರ್ನಮೆಂಟ್ ಆಡುವವರು ಗಮನಿಸಿ.

ಡಸ್ಕ್‌ಮೋರ್ನ್ ಪೂರ್ತಿ ದೆವ್ವದ ಮನೆ. ರೂಮ್ ಕಾರ್ಡ್‌ಗಳಲ್ಲಿ ಎರಡು ಬಾಗಿಲು. ಒಂದನ್ನು ಈಗ ತೆರೆದು, ಇನ್ನೊಂದನ್ನು ಆಮೇಲೆ ಮಾನಾ ಕೊಟ್ಟು ತೆರೀಬಹುದು. ಯಾವುದು ಮೊದಲು ಅನ್ನೋ ಯೋಚನೆಯಲ್ಲೇ ಮಜಾ ಜಾಸ್ತಿ. ಆದರೆ ಕಾರ್ಡ್‌ನಲ್ಲಿ ಓದೋದು ಜಾಸ್ತಿ, ಸ್ಮಶಾನದ (ಬಳಸಿ ಮುಗಿದ, ಸತ್ತ ಕಾರ್ಡ್‌ಗಳ ರಾಶಿ) ಲೆಕ್ಕವನ್ನೂ ಇಡಬೇಕು. ಚಿತ್ರಗಳೂ ಚಿಕ್ಕ ಮಕ್ಕಳಿಗೆ ಭಯ ಹುಟ್ಟಿಸುತ್ತವೆ.

ಮಕ್ಕಳ ಜೊತೆ ಅಥವಾ ಹೊಸದಾಗಿ ಆಡ್ತೀರಾ? ಕಣ್ಣುಮುಚ್ಚಿ ಬ್ಲೂಮ್‌ಬರೋ ತಗೊಳ್ಳಿ. ಆಟ ಚೆನ್ನಾಗಿ ಬರುತ್ತೆ, ತಲೆ ಓಡಿಸೋ ಆಸೆ ಇದೆ ಅಂದ್ರೆ ಡಸ್ಕ್‌ಮೋರ್ನ್. ಆಡೋಕೆ ಅಂತ ಕೊಳ್ಳುವವರು ಸುಮ್ನೆ ಸಂಗ್ರಹಕಾರರಿಗಾಗಿರೋ ದುಬಾರಿ ಕಲೆಕ್ಟರ್ ಬೂಸ್ಟರ್‌ಗೆ ದುಡ್ಡು ಹಾಕಬೇಡಿ.